ಪಿನ್ನಿನ ತೂತಿನಲ್ಲಿ ಒಂದು ಬೆರಳು ಜಾಗ

2022ರ ಅಕ್ಟೋಬರಿನಲ್ಲಿ ನಾನು ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ರಸ್ತೆಯ ಬಾಜೂ ಇರುವ ಒಂದು ವೆಲ್ಡಿಂಗ್ ಅಂಗಡಿಯ ಮಾಲೀಕನಾಗಿದ್ದೆ. ಈಗಲೂ ಆಗಿದ್ದೇನೆ. ಕಬ್ಬು ಸಾಗಿಸುವ ಟ್ರೇಲರ್‌ಗಳ ರಿಪೇರಿ ನನ್ನ ಕೆಲಸ. ಅದರ ಜೊತೆಗೆ ನಾನು ವಿಡಿಯೋ ಗೇಮ್ ಡಿಸೈನರ್. ಈ ಎರಡನೆಯ ಹುದ್ದೆಯನ್ನು ನನಗೆ ಯಾರೂ ಕೊಟ್ಟದ್ದಲ್ಲ, ಅಂಗಡಿಯ ಬೋರ್ಡಿನ ಮೇಲೆ ನಾನೇ ಬರೆಸಿಕೊಂಡದ್ದು. ಬೋರ್ಡ್ ಬರೆಯುವವನು ಬ್ರಷ್ ಹಿಡಿದುಕೊಂಡು ಎರಡು ಸಲ ಕೇಳಿದ: "ಖರೇನ ಬರೀಲೇನ್ರಿ?" ಬರಿ ಎಂದೆ.

ಮೇಲವಂಕಿಯ ಸಾಲಿಯನ್ನು ಒಂಬತ್ತನೆಯ ಇಯತ್ತೆಗೆ ಬಿಟ್ಟವನು ನಾನು. ಯಾರೋ ಬಿಡಿಸಿದರು ಎಂದು ತಪ್ಪು ಹೊರಿಸುವುದಿಲ್ಲ. ನನಗೆ ಟ್ರ್ಯಾಕ್ಟರ್ ಬೇಕಾಗಿತ್ತು, ಸಾಲಿ ಬೇಡವಾಗಿತ್ತು. ಅಂಕಲಗಿಯ ಸಿದ್ದಪ್ಪ ಕಾಕಾನ ಕೈಕೆಳಗೆ ಡ್ರೈವಿಂಗ್ ಕಲಿತು ಎಂಟು ಹಂಗಾಮು ಕಬ್ಬು ಸಾಗಿಸಿದೆ. ಆಮೇಲೆ ವೆಲ್ಡಿಂಗ್ ಕಲಿತು ಅಂಗಡಿ ಹಾಕಿದೆ. ಗೇಮ್ ಮಾಡುವುದನ್ನು ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಮೊದಲು ಹಿಂದಿ ವಿಡಿಯೋ ನೋಡಿದೆ. ಆಮೇಲೆ ಇಂಗ್ಲಿಷ್ ವಿಡಿಯೋಗಳನ್ನು ಶಬ್ದ ಬಂದ್ ಮಾಡಿಟ್ಟು, ಹೇಳುವವನ ಮಾತು ಬಿಟ್ಟು, ಅವನು ಎಲ್ಲೆಲ್ಲಿ ಒತ್ತುತ್ತಾನೆ ಎಂಬುದನ್ನಷ್ಟೇ ನೋಡಿ ಕಲಿತೆ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ವಿದ್ಯಾರ್ಥಿಯೊಬ್ಬನಿಂದ ಹಳೆಯ ಲ್ಯಾಪ್‌ಟಾಪ್ ಕೊಂಡೆ. ಅದರ ಒಂದು ಕೀ ಕಿತ್ತುಹೋಗಿತ್ತು. ಆ ಜಾಗಕ್ಕೆ ರಬ್ಬರ್ ವಾಷರ್ ಅಂಟಿಸಿಕೊಂಡೆ, ಇವತ್ತಿಗೂ ಅದೇ ಇದೆ.

ವೆಲ್ಡಿಂಗಿಗೆ ತ್ರೀ ಫೇಸ್ ಕರೆಂಟ್ ಬೇಕು. ಅದು ಹೋದಾಗ ಅಕ್ಕಪಕ್ಕದ ಅಂಗಡಿಯವರು ಬೈದುಕೊಳ್ಳುತ್ತ ಚಹಾಕ್ಕೆ ಹೋಗುತ್ತಿದ್ದರು, ನಾನು ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಕರೆಂಟ್ ಹೋದರೆ ಖುಷಿಪಡುವ ವೆಲ್ಡರ್ ನಮ್ಮ ಭಾಗದಲ್ಲಿ ನಾನೊಬ್ಬನೇ ಇದ್ದಿರಬೇಕು. ಹೀಗೆ ಕರೆಂಟ್ ಇಲ್ಲದ ಹೊತ್ತುಗಳನ್ನು ಕೂಡಿಸಿ ಎರಡು ವರ್ಷದಲ್ಲಿ ಒಂದು ಗೇಮ್ ಮಾಡಿದೆ. ಅದರ ಹೆಸರು 'ರಿವರ್ಸ್ ಯಾರ್ಡ್'.

ಗೇಮ್ ಏನು ಎಂದು ಹೇಳದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟುತ್ತಾರೆ. ಡ್ರೈವರ್‌ಗಳು ಅವಕ್ಕೆ ಡಬ್ಬಿ ಎನ್ನುತ್ತಾರೆ. ಟ್ರ್ಯಾಕ್ಟರಿನ ಹುಕ್ಕಿಗೆ ಮೊದಲ ಡಬ್ಬಿ, ಅದರ ಬೆನ್ನಿಗೆ ಎರಡನೆಯದು. ಒಂದೊಂದು ಜೋಡಣೆಯಲ್ಲೂ ಒಂದು ದಪ್ಪ ಕಬ್ಬಿಣದ ಪಿನ್ನು. ಮುಂದಕ್ಕೆ ಓಡಿಸುವುದು ಯಾರಿಗಾದರೂ ಬರುತ್ತದೆ. ಹಿಂದಕ್ಕೆ ಹೊಡೆಯುವಾಗ ಮಾತ್ರ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಮೊದಲ ಡಬ್ಬಿ ಎಡಕ್ಕೆ ಹೋಗುತ್ತದೆ, ಎರಡನೆಯದು ಅದಕ್ಕೂ ಉಲ್ಟಾ ತಿರುಗುತ್ತದೆ. ಒಂದು ಕ್ಷಣ ತಪ್ಪಿದರೆ ಮೂರೂ ಮಡಚಿಕೊಂಡು ಗಂಟಾಗುತ್ತವೆ. ಅದಕ್ಕೇ ನಮ್ಮಲ್ಲಿ ರಿವರ್ಸ್ ಸ್ಪರ್ಧೆ ಎಂದು ಬೇರೆ ಇದೆ. ಗೆರೆ ಹಾಕಿದ ಹೊಲದಲ್ಲಿ ಹಿಂದಕ್ಕೆ ಓಡಿಸಬೇಕು, ಹೆಚ್ಚು ದೂರ ಹೋದವನು ಗೆದ್ದಂತೆ. ಗೋಕಾಕ ತಾಲೂಕಿನಲ್ಲಿ ನಡೆದ ಅಂಥದೊಂದು ಸ್ಪರ್ಧೆಯಲ್ಲಿ ನಾನು ಮೊದಲನೆಯವನಾಗಿ ಬಂದೆ. ಬಹುಮಾನವಾಗಿ ಬಂದ ಢಾಲು ಅಂಗಡಿಯಲ್ಲಿ, ವೆಲ್ಡಿಂಗ್ ರಾಡುಗಳ ಮೇಲಿನ ಹಲಗೆಯ ಮೇಲಿದೆ. ಗೇಮಿನಲ್ಲಿ ಇದೇ ಕೆಲಸ: ಫ್ಯಾಕ್ಟರಿ ಯಾರ್ಡಿನಲ್ಲಿ ತುಂಬಿದ ಎರಡು ಡಬ್ಬಿಗಳನ್ನು ಹಿಂದಕ್ಕೆ ಹೊಡೆದು ಗೆರೆಯೊಳಗೆ ನಿಲ್ಲಿಸಬೇಕು.

ಆ ಅಕ್ಟೋಬರಿನಲ್ಲಿ ನಾನು ಹಾಕಿದ್ದ ಒಂದು ಸಣ್ಣ ವಿಡಿಯೋ ನೋಡಿ ಬೆಂಗಳೂರಿನಿಂದ ಫೋನ್ ಬಂತು. ಗೇಮ್‌ಗಳನ್ನು ಪ್ರಕಟಿಸುವ ಒಂದು ಚಿಕ್ಕ ಕಂಪನಿಯ ನಿಶಾ ಮೇಡಂ. "ಬಸವರಾಜ್ ಅವರೇ, ಐಡಿಯಾ ತುಂಬಾ ಹೊಸದಾಗಿದೆ. ಜನವರಿ ಕೊನೆಯೊಳಗೆ ಒಂದು ಲೆವೆಲ್ ಪೂರ್ತಿ ಮಾಡಿ ಕಳಿಸಿ. ಅದರ ಜೊತೆಗೆ ನಿಜವಾದ ಡ್ರೈವರ್‌ಗಳು ಆಡಿ ಖುಷಿಪಡೋ ವಿಡಿಯೋ ಕೂಡ ಬೇಕು" ಎಂದರು. ನಾನು ಆಯ್ತು ಎಂದೆ. ಡ್ರೈವರ್‌ಗಳನ್ನು ಖುಷಿಪಡಿಸುವುದು ದೊಡ್ಡ ಮಾತೇ ಎಂದುಕೊಂಡೆ. ನಾನೇ ಡ್ರೈವರ್ ಅಲ್ಲವೇ?

ನವೆಂಬರಿನಲ್ಲಿ ಹಂಗಾಮು ಶುರುವಾಯಿತು. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಗೇಮ್ ಹಾಕಿಕೊಂಡು ಹುಕ್ಕೇರಿ ಕಡೆಯ ಒಂದು ಸಕ್ಕರೆ ಫ್ಯಾಕ್ಟರಿಯ ಯಾರ್ಡಿಗೆ ಹೋದೆ. ಅಲ್ಲಿ ಡ್ರೈವರ್‌ಗಳು ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಪಾಳಿ ಹಚ್ಚಿ ಇಡೀ ದಿನ ಕಾಯುತ್ತಾರೆ. ಕಾಯುವವನಿಗೆ ಗೇಮ್ ಕೊಟ್ಟರೆ ಬೇಡ ಎನ್ನುವುದಿಲ್ಲ. ಮೊದಲು ಕೈಗೆ ತೆಗೆದುಕೊಂಡವನು ರಫೀಕ್, ನನ್ನ ಜೊತೆಗೇ ಡ್ರೈವಿಂಗ್ ಮಾಡಿದವನು. ಮೂರು ಸಲ ಹೊಡೆದ. ಮೂರು ಸಲವೂ ಡಬ್ಬಿ ಮಡಚಿದವು.

"ಏನ್ರೀ ಮಾಲಕ್ರ, ಡಬ್ಬಿ ಕಟ್ಟೀರೋ, ಕತ್ತರಿ ಕಟ್ಟೀರೋ?"

ಸುತ್ತ ನಿಂತವರೆಲ್ಲ ನಕ್ಕರು. ಫೋನ್ ಕೈಯಿಂದ ಕೈಗೆ ದಾಟಿತು. ಹದಿನಾಲ್ಕು ಡ್ರೈವರ್‌ಗಳಲ್ಲಿ ಒಬ್ಬನೂ ಗೆರೆ ಮುಟ್ಟಲಿಲ್ಲ. ಇವರು ಕಣ್ಣು ಮುಚ್ಚಿ ಯಾರ್ಡಿನಲ್ಲಿ ರಿವರ್ಸ್ ಹೊಡೆಯುವ ಜನ. ಹೋದ ವಾರ ಇದೇ ಗೇಮನ್ನು ನಮ್ಮ ಓಣಿಯ ಒಬ್ಬ ಟೇಲರ್ ಅರ್ಧ ತಾಸಿನಲ್ಲಿ ಆಡಿ ಗೆದ್ದಿದ್ದ. ಟ್ರ್ಯಾಕ್ಟರ್ ಹತ್ತದವರು ಗೆಲ್ಲುತ್ತಾರೆ, ಹತ್ತಿದವರು ಸೋಲುತ್ತಾರೆ. ಇದಕ್ಕೆ ಏನು ಹೇಳುವುದು?

ಪಾಳಿಯ ಕೊನೆಯಲ್ಲಿ ಸಿದ್ದಪ್ಪ ಕಾಕಾ ಇದ್ದ. ಅರವತ್ತು ದಾಟಿದರೂ ಸ್ಟೇರಿಂಗ್ ಬಿಟ್ಟಿರಲಿಲ್ಲ. ಅವನ ಕೈಗೆ ಫೋನ್ ಕೊಟ್ಟೆ. ಗೇಮಿನಲ್ಲಿ ಜೋರಾಗಿ ಹಾಡು ಬರುತ್ತಿತ್ತು. ಕಬ್ಬಿನ ಟ್ರ್ಯಾಕ್ಟರ್ ಎಂದ ಮೇಲೆ ಹಾಡು ಇರಲೇಬೇಕು. ಅದಕ್ಕೇ ನಮ್ಮ ಓಣಿಯವರಿಗೆ ಹಲಗಿ ಬಾರಿಸಲು ಹಚ್ಚಿ ನಾನೇ ಕಟ್ಟಿದ್ದ ಹಾಡು ಅದು. ಕಾಕಾ ರಿವರ್ಸ್ ಗೇರ್ ಹಾಕುವ ಮೊದಲು ಫೋನನ್ನು ತಿರುವಿ ಬಾಜೂದ ಬಟನ್ ಒತ್ತಿ ಹಾಡನ್ನು ಪೂರ್ತಿ ಬಂದ್ ಮಾಡಿದ. ಆಮೇಲೆ ಹೊಡೆದ. ಮಡಚಿತು. ಫೋನನ್ನು ಒಮ್ಮೆ ಕಿವಿಯ ಹತ್ತಿರ ಹಿಡಿದು ನೋಡಿ ನನಗೆ ವಾಪಸು ಕೊಟ್ಟ.

"ಇದು ಏನೂ ಮಾತಾಡವಲ್ದು, ಬಸ್ಯಾ."

ನಾನು ಹಾಡು ಬಂದ್ ಮಾಡಿದ್ದಕ್ಕೆ ಸಿಟ್ಟಾಗಿದ್ದೆ. ಹಾಗೆಂದರೆ ಏನು ಎಂದು ಅವನನ್ನು ಕೇಳಲೂ ಇಲ್ಲ. ಖುಷಿಪಡುವ ವಿಡಿಯೋ ತೆಗೆಯಲು ಹೋದವನು ಒಂದು ಫೋಟೋ ಸಹ ತೆಗೆಯದೆ ಬಂದೆ.

ಅಲ್ಲಿಂದ ಐದು ವಾರ ನಾನು ಮಾಡಿದ್ದನ್ನು ನೆನೆದರೆ ಈಗಲೂ ತಲೆ ಕಾಯುತ್ತದೆ. ಗೇಮ್ ಮಾಡುವ ಸಾಫ್ಟ್‌ವೇರಿಗೆ ಎಂಜಿನ್ ಎನ್ನುತ್ತಾರೆ. ವಸ್ತು ಹೇಗೆ ಜಾರುತ್ತದೆ, ಹೇಗೆ ಬೀಳುತ್ತದೆ ಎಂಬ ಲೆಕ್ಕವನ್ನು ಅದೇ ಹಾಕುತ್ತದೆ, ಅದಕ್ಕೆ ಫಿಸಿಕ್ಸ್ ಎಂದು ಹೆಸರು. ನಾನು ಟೈರಿನ ಹಿಡಿತ ಬದಲಿಸಿದೆ. ಕಬ್ಬಿನ ಭಾರ ಬದಲಿಸಿದೆ. ಸ್ಟೇರಿಂಗ್ ನಿಧಾನ ಮಾಡಿದೆ, ಮತ್ತೆ ಚುರುಕು ಮಾಡಿದೆ. ಅಂಗಡಿಗೆ ಬಂದ ಡಬ್ಬಿಗಳನ್ನು ಟೇಪು ಹಿಡಿದು ಅಳೆದು, ಗೇಮಿನ ಡಬ್ಬಿಗಳನ್ನು ಇಂಚು ಬಿಡದೆ ಸರಿಪಡಿಸಿದೆ. ಹನ್ನೊಂದು ಆವೃತ್ತಿ ಮಾಡಿದೆ. ಕರೆಂಟ್ ಇದ್ದಾಗಲೂ ವೆಲ್ಡಿಂಗ್ ಬಿಟ್ಟು ಕೂತೆ. ಗಿರಾಕಿಗಳು ಬಂದು ನಿಂತು, ಕೆಮ್ಮಿ, ಬೇರೆ ಅಂಗಡಿಗೆ ಹೋದರು. ನನ್ನ ಹೆಂಡತಿ ಶೋಭಾ ಊಟದ ಡಬ್ಬಿ ತಂದು ಟೇಬಲ್ ಮೇಲೆ ಇಟ್ಟು, ನಾನು ತಲೆ ಎತ್ತುವ ತನಕ ನಿಂತಳು.

"ಎರಡು ವರ್ಷದಿಂದ ಹಿಂದಕ್ಕ ಹೊಡಿಯಾಕತ್ತೀರಿ. ಒಂದರ ಸಲ ಮುಂದಕ್ಕ ಹೋಗಾಕ ಬರತೈತೇನ ನೋಡ್ರಿ."

ಡಿಸೆಂಬರ್ ಕೊನೆಗೆ ಮತ್ತೆ ಹುಕ್ಕೇರಿ ಕಡೆಯ ಅದೇ ಯಾರ್ಡಿಗೆ ಹೋದೆ. ಈ ಸಲ ಇನ್ನೂ ಕೆಟ್ಟಿತು. ರಫೀಕ್ ಫೋನ್ ನೋಡಿದವನೇ, "ನಂದು ಪಾಳಿ ಬಂತ್ರಿ" ಎಂದು ಎದ್ದ. ಅವನ ಮುಂದೆ ಇನ್ನೂ ಇಪ್ಪತ್ತು ಗಾಡಿ ನಿಂತಿದ್ದವು. ಸಿದ್ದಪ್ಪ ಕಾಕಾ ಮತ್ತೆ ಮೊದಲು ಹಾಡು ಬಂದ್ ಮಾಡಿದ. ನನಗೆ ತಡೆಯಲಾಗಲಿಲ್ಲ.

"ಕಾಕಾ, ಆ ಹಾಡಿಗೆ ನಾ ಒಂದು ತಿಂಗಳು ದುಡಿದೇನಿ. ಕೇಳಿ ಆಡ್ರಿ."

"ಹಾಡು ಕೇಳಕೋಂತ ರಿವರ್ಸ್ ಯಾರು ಹೊಡೀತಾರೋ?"

"ನಿಮಗ ಗೇಮ್ ಆಡಾಕ ಬರೂದಿಲ್ಲ, ಅದನ್ನ ಹೇಳ್ರಿ. ನಾನೂ ಢಾಲು ತಗೊಂಡ ಡ್ರೈವರ್ ಅದೇನಿ. ರಿವರ್ಸ್ ಅಂದ್ರ ಏನಂತ ನನಗೂ ಗೊತ್ತೈತಿ."

ಕಾಕಾ ಸಿಟ್ಟಾಗಲಿಲ್ಲ. ಬೀಡಿ ಹಚ್ಚಿಕೊಂಡು, "ಢಾಲು ನೀ ತಗೊಂಡಿ, ಖರೆ. ಡಬ್ಬಿ ಯಾರವಿದ್ದೂ?" ಎಂದ. ಡಬ್ಬಿಗಳು ಅವನವೇ ಆಗಿದ್ದವು. ನಾನು ಗಾಡಿ ಚಾಲೂ ಮಾಡಿ ಬಂದುಬಿಟ್ಟೆ. ಕಲಿಸಿದವನ ಎದುರಿಗೆ ಹಾಗೆ ಮಾತಾಡಬಾರದಾಗಿತ್ತು. ಅದು ದಾರಿಯಲ್ಲೇ ತಿಳಿಯಿತು, ಆದರೆ ವಾಪಸು ಹೋಗಲು ಸೊಕ್ಕು ಬಿಡಲಿಲ್ಲ.

ಜನವರಿಯ ಎರಡನೆಯ ವಾರ ಅವನೇ ಬಂದ. ಅಂಕಲಗಿಯಿಂದ ಮೂಡಲಗಿಗೆ ಬರುವ ದಾರಿಯಲ್ಲಿ ಹತ್ತು ವೆಲ್ಡಿಂಗ್ ಅಂಗಡಿ ಸಿಗುತ್ತವೆ. ಅವೆಲ್ಲ ಬಿಟ್ಟು ಖಾಲಿ ಡಬ್ಬಿಗಳನ್ನು ಎಳೆದುಕೊಂಡು ನನ್ನ ಅಂಗಡಿಗೇ ಬಂದ. ಮೊದಲ ಡಬ್ಬಿಯನ್ನು ಟ್ರ್ಯಾಕ್ಟರಿನ ಹುಕ್ಕಿಗೆ ಜೋಡಿಸುವ ಕಬ್ಬಿಣ ಸೀಳಿತ್ತು. ಯಾರ್ಡಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸೀಳನ್ನು ತುಂಬಿದೆ. ಪಿನ್ನು ಕೂಡುವ ತೂತು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಅದನ್ನೂ ತುಂಬಲು ರಾಡು ಹಚ್ಚಿದೆ.

ಇಲ್ಲಿ ನನ್ನ ಕೈಕೆಲಸದ ಬಗ್ಗೆ ಒಂದು ಮಾತು. ಸವೆದ ತೂತನ್ನು ವೆಲ್ಡಿಂಗಿನಿಂದ ತುಂಬಿ, ಉಜ್ಜಿ, ಪಿನ್ನು ಹೊಸದರಂತೆ ಬಿಗಿಯಾಗಿ ಕೂಡುವ ಹಾಗೆ ಮಾಡುವುದರಲ್ಲಿ ನನ್ನ ಹೆಸರು ಇದೆ. ಬಸವರಾಜನ ತೂತಿನಲ್ಲಿ ದಾರವೂ ಹೋಗುವುದಿಲ್ಲ ಎನ್ನುತ್ತಾರೆ. ಎಷ್ಟೋ ಡ್ರೈವರ್‌ಗಳು "ಅಷ್ಟ ಬಿಗಿ ಬ್ಯಾಡ್ರಿ" ಎಂದು ಗೊಣಗುತ್ತಿದ್ದರು. ಹೆಚ್ಚಿನ ರೊಕ್ಕ ಕೇಳದೆ ಒಳ್ಳೆಯ ಕೆಲಸ ಮಾಡಿಕೊಟ್ಟರೆ ಗೊಣಗುತ್ತಾರಲ್ಲ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಕಾಕಾ ನನ್ನ ಕೈ ಹಿಡಿದ.

"ಸಾಕು. ಒಂದು ಬೆರಳು ಹೋಗುವಷ್ಟು ಬಿಡು."

"ಕಾಕಾ, ಲೂಸ್ ಆಗತೈತಿ. ಬಡಕೊಂಡು ಮತ್ತ ಸೀಳತೈತಿ."

"ಸೀಳಿದ್ರ ಮತ್ತ ನಿನ್ನ ಕಡೆನ ಬರ್ತೇನಿ. ಬಡಕೋಬೇಕು ಅದು. ಬಡಕೊಳ್ಳದಿದ್ರ ನನಗ ಹೆಂಗ ಗೊತ್ತಾಗಬೇಕು?"

"ಏನು ಗೊತ್ತಾಗೂದು?"

ಅವನು ಟ್ರ್ಯಾಕ್ಟರಿನ ಸೀಟಿನ ಕಡೆ ಕೈ ತೋರಿಸಿದ. "ಎಂಟು ವರ್ಷ ಹೊಡದಿ, ಮಗನ. ಮರತೀ ಏನು? ಹತ್ತು ಮ್ಯಾಲ."

ಟ್ರ್ಯಾಕ್ಟರ್ ಹತ್ತಿದೆ. ಕಾಕಾ ಮಡ್‌ಗಾರ್ಡಿನ ಮೇಲೆ ಕೂತ. ಟ್ರ್ಯಾಕ್ಟರಿನ ಟೇಪ್ ರೆಕಾರ್ಡರಿನಲ್ಲಿ ಹಾಡು ಬಡಿಯುತ್ತಿತ್ತು. ರಿವರ್ಸ್ ಗೇರಿಗೆ ಕೈ ಹಾಕಿದೆ ಅಷ್ಟೇ, ನನ್ನ ಎಡಗೈ ತಾನಾಗಿಯೇ ಹೋಗಿ ಟೇಪು ಬಂದ್ ಮಾಡಿತು. ನಾನು ಮಾಡಿದ್ದಲ್ಲ, ಕೈ ಮಾಡಿತು. ಒಂಬತ್ತು ವರ್ಷವಾಗಿತ್ತು ಟ್ರ್ಯಾಕ್ಟರ್ ಬಿಟ್ಟು.

ಕ್ಲಚ್ ಬಿಟ್ಟೆ. ಬೆನ್ನ ಹಿಂದೆ ಟಕ್ ಎಂದಿತು. ಇದು ಮೊದಲ ಪಿನ್ನು. ಒಂದು ಉಸಿರಿನಷ್ಟು ಹೊತ್ತು ಬಿಟ್ಟು ದೂರದಲ್ಲಿ ಇನ್ನೊಂದು ಟಕ್. ಅದು ಎರಡನೆಯ ಪಿನ್ನು. ಆಮೇಲೆ ಡಬ್ಬಿಗಳು ಅಲುಗಿದವು. ಎರಡನೆಯ ಡಬ್ಬಿ ಬಾಗುವುದಕ್ಕೆ ಮೊದಲೇ ಅದರ ಪಿನ್ನು ತೂತಿನ ಒಂದು ಮಗ್ಗುಲಿಗೆ ಸರಿದು ಕರ್ ಎಂದಿತು. ಆ ಸಪ್ಪಳ ಸೀಟಿನೊಳಗಿಂದ ಬೆನ್ನಿಗೆ ಹತ್ತಿತು. ಯೋಚನೆ ಮಾಡುವ ಮೊದಲೇ ನನ್ನ ಕೈ ಸ್ಟೇರಿಂಗ್ ತಿರುಗಿಸಿತ್ತು. ಅಂಗಡಿಯ ಬಾಜೂದ ಖಾಲಿ ಜಾಗದಲ್ಲಿ ಡಬ್ಬಿಗಳು ಗೆರೆ ಹೊಡೆದ ಹಾಗೆ ನೆಟ್ಟಗೆ ಹಿಂದಕ್ಕೆ ಹೋದವು.

ಗೇಮಿನಲ್ಲಿ ನಾನು ಜೋಡಣೆಗಳನ್ನು ನನ್ನ ವೆಲ್ಡಿಂಗಿನಂತೆಯೇ ಮಾಡಿದ್ದೆ. ದಾರವೂ ಹೋಗದಷ್ಟು ಬಿಗಿ. ಎಂಜಿನ್ನಿನಲ್ಲಿ ಅದಕ್ಕೆ ಜಾಯಿಂಟ್ ಎನ್ನುತ್ತಾರೆ. ಎಷ್ಟು ಸಡಿಲ ಬಿಡಬೇಕೆಂದು ಅದು ಕೇಳುತ್ತದೆ. ನಾನು ಸೊನ್ನೆ ಎಂದು ಬರೆದು, ಸರಿಯಾಗಿದೆ ಎಂದು ಹೆಮ್ಮೆಪಟ್ಟಿದ್ದೆ. ಅದರ ಮೇಲೆ ಹಾಡು ಹಾಕಿದ್ದೆ. ಡ್ರೈವರ್ ಯಾವುದನ್ನು ಕೇಳಿ ಓಡಿಸುತ್ತಾನೋ ಅದನ್ನೇ ಗೇಮಿನಿಂದ ಕಿತ್ತು ಹಾಕಿದ್ದೆ. ಟೇಲರ್‌ನಿಗೆ ಕೇಳುವ ಅಭ್ಯಾಸವಿರಲಿಲ್ಲ, ಅವನು ಕಣ್ಣಿನಿಂದಲೇ ಗೆದ್ದ. ನನಗೂ ಗೊತ್ತಾಗಿರಲಿಲ್ಲ, ಏಕೆಂದರೆ ನಾನು ಒಂಬತ್ತು ವರ್ಷದಿಂದ ದಿನಾ ಆ ತೂತುಗಳನ್ನು ಮುಚ್ಚುವ ಕೆಲಸದಲ್ಲಿದ್ದೆ.

ಕಾಕಾ ಇಳಿದ. "ಬಂತಾ ನೆನಪಿಗೆ?" ಎಂದ. ಯಾರ್ಡಿನಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎಂದೆ. "ಅದು ಬಿಡು, ಚಹಾ ಹೇಳು" ಎಂದ.

ಉಳಿದದ್ದು ಹದಿನೇಳು ದಿನ. ಜಾಯಿಂಟಿನಲ್ಲಿ ಹನ್ನೆರಡು ಮಿಲಿಮೀಟರ್ ಸಡಿಲ ಬಿಟ್ಟೆ. ಗೇಮ್ ಚಾಲೂ ಮಾಡಿದ ಕೂಡಲೇ ಎರಡೂ ಡಬ್ಬಿ ನಡುಗಿ, ಎಗರಿ, ಆಕಾಶಕ್ಕೆ ಹಾರಿಹೋದವು. ಎಂಜಿನ್ ಸೆಕೆಂಡಿಗೆ ಐವತ್ತು ಸಲ ಲೆಕ್ಕ ಹಾಕುತ್ತಿತ್ತು. ಸಡಿಲ ಪಿನ್ನು ಒಂದು ಲೆಕ್ಕಕ್ಕೂ ಇನ್ನೊಂದು ಲೆಕ್ಕಕ್ಕೂ ನಡುವೆ ತೂತು ದಾಟಿ ಹೊರಗೆ ಹೋಗುತ್ತಿತ್ತು. ಇನ್ನೂರು ಸಲಕ್ಕೆ ಏರಿಸಿದಾಗ ಪಿನ್ನು ತೂತಿನಲ್ಲಿ ನಿಂತಿತು, ಆದರೆ ಫೋನ್ ಕಾದ ಹಂಚಾಯಿತು. ಫೋನಿನ ಮೇಲಿನ ಭಾರ ಇಳಿಸಲು ಯಾರ್ಡಿನ ಗಿಡ, ಗೋಡೆ, ಜನ ಎಲ್ಲ ತೆಗೆದು, ಅಂತೂ ನೂರಾ ಇಪ್ಪತ್ತಕ್ಕೆ ತಂದು ನಿಲ್ಲಿಸಿದೆ. ಟಕ್ ಎನ್ನುವ ಸಪ್ಪಳವನ್ನು ಕಾಕಾನ ಡಬ್ಬಿಯಿಂದಲೇ ರೆಕಾರ್ಡ್ ಮಾಡಿದೆ. ಹಾಡನ್ನು ತೆಗೆಯಲಿಲ್ಲ, ಬಂದ್ ಮಾಡಲು ಗೇಮಿನ ಟ್ರ್ಯಾಕ್ಟರಿಗೆ ಒಂದು ಗುಂಡಿ ಇಟ್ಟೆ. ಒತ್ತಬೇಕೆಂದು ಎಲ್ಲಿಯೂ ಬರೆಯಲಿಲ್ಲ.

ಜನವರಿ 30ಕ್ಕೆ ಲ್ಯಾಪ್‌ಟಾಪಿನಲ್ಲಿ ಎರಡು ಗೇಮ್ ಇದ್ದವು. ಒಂದು ಮೇಡಂ ಮೆಚ್ಚಿದ್ದ ಬಿಗಿ ಪಿನ್ನಿನದು, ಇನ್ನೊಂದು ಸಡಿಲ ಪಿನ್ನಿನದು. ಬಿಗಿಯದನ್ನು ಕಳಿಸಿದರೆ ಅವರು ತೆಗೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಸಂಜೆಯ ತನಕ ಎರಡನ್ನೂ ನೋಡುತ್ತ ಕೂತೆ. ಕೊನೆಗೆ ಡ್ರೈವರ್‌ಗಳ ವಿಡಿಯೋ ಇಲ್ಲದೆಯೇ ಸಡಿಲ ಪಿನ್ನಿನದನ್ನು ಕಳಿಸಿದೆ. ಧೈರ್ಯ ಎಂದು ಹೇಳಿಕೊಳ್ಳುವುದಿಲ್ಲ. ಬಿಗಿ ಪಿನ್ನಿನದು ತಪ್ಪು ಎಂದು ತಿಳಿದ ಮೇಲೆ ಅದಕ್ಕೆ ನನ್ನ ಹೆಸರು ಹಾಕಲು ಕೈ ಬರಲಿಲ್ಲ.

ಫೆಬ್ರುವರಿಯಲ್ಲಿ ನಿಶಾ ಮೇಡಂ ಫೋನ್ ಮಾಡಿದರು.

"ಕಂಟ್ರೋಲ್‌ನಲ್ಲಿ ಏನೋ ಪ್ರಾಬ್ಲಂ ಇದೆ. ಒತ್ತಿದ ಮೇಲೆ ಟ್ರೇಲರ್ ತಡವಾಗಿ ಅಲ್ಲಾಡುತ್ತೆ. ನಮ್ಮ ಟೆಸ್ಟಿಂಗ್ ಟೀಮಿನವರೆಲ್ಲ ಅದನ್ನೇ ಹೇಳಿದರು. ಮೊದಲು ವಿಡಿಯೋದಲ್ಲಿ ನೋಡಿದ್ದೇ ಚೆನ್ನಾಗಿತ್ತಲ್ವಾ?"

"ಮೇಡಂ, ಅದು ತಡ ಅಲ್ರಿ. ಪಿನ್ನು ಕೂಡಾಕ ಅಷ್ಟು ಹೊತ್ತು ಬೇಕ್ರಿ. ಹಾಡು ಬಂದ್ ಮಾಡಿ ಆಡಾಕ ಹೇಳ್ರಿ ಅವರಿಗೆ."

"ಆಡೋರಿಗೆಲ್ಲ ಫೋನ್ ಮಾಡಿ ಹೀಗೆ ಹೇಳೋಕಾಗುತ್ತಾ ಬಸವರಾಜ್?"

ಅವರು ಕೆಟ್ಟವರಲ್ಲ. ಬಿಗಿ ಪಿನ್ನಿನದನ್ನು ಕೊಟ್ಟರೆ ಈಗಲೂ ತೆಗೆದುಕೊಳ್ಳುತ್ತೇವೆ ಎಂದರು, ಒಂದು ವಾರ ಕಾದರು. ನಾನು ಕಳಿಸಲಿಲ್ಲ. ಆಮೇಲೆ ಫೋನ್ ಬರಲಿಲ್ಲ.

ಮುಂದೆ ಗೇಮನ್ನು ನಾನೇ ಸ್ಟೋರಿಗೆ ಹಾಕಿದೆ. ಗೊತ್ತಿಲ್ಲದ ಊರಿನ ಜನ ಒಂದು ಸ್ಟಾರ್, ಎರಡು ಸ್ಟಾರ್ ಕೊಟ್ಟು ಒಂದೇ ಮಾತು ಬರೆಯುತ್ತಾರೆ: ಗಾಡಿ ಲೂಸ್ ಇದೆ, ರಿಪೇರಿ ಮಾಡಿ. ಓದಿದಾಗಲೆಲ್ಲ ಮೈ ಉರಿಯುತ್ತದೆ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಶುರು ಮಾಡಿ ಅಳಿಸುತ್ತೇನೆ. ಎರಡು ವರ್ಷ ದುಡಿದವನಿಗೆ ಇಷ್ಟೇನಾ ಎಂದು ಅನಿಸುವುದು ಇನ್ನೂ ನಿಂತಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಮರುವರ್ಷದ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಅದೇ ಯಾರ್ಡಿಗೆ ಹೋದೆ. ಈ ಸಲ ವಿಡಿಯೋ ತೆಗೆಯುವುದಿರಲಿಲ್ಲ, ತೋರಿಸುವವರೂ ಇರಲಿಲ್ಲ. ಸಿದ್ದಪ್ಪ ಕಾಕಾ ಪಾಳಿಯಲ್ಲಿ ತನ್ನ ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತಿದ್ದ. ಟೇಪು ಜೋರಾಗಿ ಹಾಡುತ್ತಿತ್ತು. ಗೇಮ್ ತೆರೆದು ಫೋನ್ ಕೊಟ್ಟೆ. ಗೇಮಿನಲ್ಲೂ ಹಾಡು ಬಂತು. ಅವನು ತಡಕಾಡಿ ಗುಂಡಿ ಹುಡುಕಿ ಗೇಮಿನ ಹಾಡು ಬಂದ್ ಮಾಡಿದ. ರಿವರ್ಸ್ ಹಾಕಿದ. ಆಮೇಲೆ ಫೋನಿನಿಂದ ಕಣ್ಣು ತೆಗೆಯದೆ, ಎಡಗೈ ಚಾಚಿ, ತನ್ನ ಟ್ರ್ಯಾಕ್ಟರಿನ ಟೇಪನ್ನೂ ಬಂದ್ ಮಾಡಿದ.

ರಫೀಕ್ ಕೆಳಗಿನಿಂದ, "ಯಾಕ ಕಾಕಾ, ಹಾಡು ಯಾಕ ನಿಂದರ್ಸೀರಿ?" ಎಂದು ಕೂಗಿದ. ಕಾಕಾ ಸುಮ್ಮನಿರು ಎಂದು ಕೈ ಮಾಡಿದ. ಫೋನಿನಲ್ಲಿ ಟಕ್ ಎಂದಿತು. ಮತ್ತೆ ಟಕ್ ಎಂದಿತು. ಅವನ ಭುಜ ಒಂದಿಷ್ಟು ಬಲಕ್ಕೆ ವಾಲಿತು. ಎರಡನೆಯ ಸಲಕ್ಕೆ ಎರಡೂ ಡಬ್ಬಿ ಗೆರೆಯೊಳಗೆ ಹೋಗಿ ನಿಂತವು.

ಹೊಗಳುತ್ತಾನೆ ಎಂದು ಕಾದೆ. ಫೋನ್ ವಾಪಸು ಕೊಡುತ್ತ ಹೇಳಿದ: "ಎರಡನೇ ಪಿನ್ನು ಇನ್ನೂ ಸ್ವಲ್ಪ ಬಿಗಿ ಐತಿ ನೋಡು, ಬಸ್ಯಾ."

ಅವನು ಹೇಳಿದ್ದು ಖರೆಯಾಗಿತ್ತು. ಮರುದಿನ ಅವನ ಎರಡನೆಯ ಪಿನ್ನಿನ ತೂತು ಅಳೆದೆ, ಗೇಮಿನಲ್ಲಿ ಸಡಿಲ ಅದಕ್ಕಿಂತ ಎರಡು ಮಿಲಿಮೀಟರ್ ಕಡಿಮೆ ಇತ್ತು, ಸರಿಪಡಿಸಿದೆ. ಸ್ಟೋರಿನಲ್ಲಿ ಇನ್ನೂ ಒಬ್ಬರು ಒಂದು ಸ್ಟಾರ್ ಕೊಟ್ಟರು. ಈ ಕೆಲಸ ನನಗೆ ಕಲಿಸಿದ್ದನ್ನು ದೊಡ್ಡ ಮಾತಿನಲ್ಲಿ ಹೇಳಲು ಬರುವುದಿಲ್ಲ. ಬಳಸುವವನಿಗೆ ಬೇಕಾದ ಜಾಗವನ್ನೂ ಒಳ್ಳೆಯ ಕೆಲಸಗಾರ ತನ್ನ ಹೆಮ್ಮೆಯಿಂದ ಮುಚ್ಚಿಬಿಡಬಲ್ಲ, ನಾನು ಮುಚ್ಚಿದ್ದೆ. ಈಗ ಯಾವ ಗಿರಾಕಿ ಸವೆದ ತೂತಿನ ಡಬ್ಬಿ ತಂದರೂ ರಾಡು ಹಚ್ಚುವ ಮೊದಲು ಕೇಳುತ್ತೇನೆ: ಎಷ್ಟು ಬಿಡ್ಲಿ?